ಅತ್ತೆಯ ಕಾಲಿಗೆ ತಕ್ಕ ಗೋಕರ್ಣ

ಗೋಕರ್ಣದಲ್ಲಿ ಎಲ್ಲಿ ಉಳಿಯೋದು ಒಳ್ಳೇದು ಅಂತ ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಲೇ ಇರುತ್ತಾರೆ. ಮನೆಯಲ್ಲಿ ವಯಸ್ಸಾದವರು ಇದ್ದು, ಅವರನ್ನೂ ಕರೆದುಕೊಂಡು ಹೋಗುವ ಮನಸ್ಸಿದ್ದರೆ ನನ್ನ ಉತ್ತರ ಒಂದೇ. ಗುಡ್ಡದ ಆಚೆಯ ಕಾಟೇಜು, ರೆಸಾರ್ಟು ಬೇಡ. ಊರೊಳಗೇ, ಕೋಟಿತೀರ್ಥದ ಕೆರೆಯಿಂದ ದೇವಸ್ಥಾನದ ರಥಬೀದಿಯ ತನಕ ಎಲ್ಲಾದರೂ ಒಂದು ಹಳೇ ಮನೆಯಲ್ಲಿ, ಮೆಟ್ಟಿಲು ಹತ್ತಬೇಕಿಲ್ಲದ ಕೋಣೆ ಹಿಡಿಯಿರಿ. ಅಲ್ಲಿಂದ ಸಮುದ್ರವೂ ಹತ್ತಿರ, ದೇವಸ್ಥಾನವೂ ಹತ್ತಿರ, ಊಟವೂ ಹತ್ತಿರ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ಮನೆ ಸೇರುವಷ್ಟರಲ್ಲಿ ಯಾರೂ ಸುಸ್ತಾಗದೆ ಊರು ನೋಡಿ ಬರಬಹುದು.

ನಾನು ಶಿರಸಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರ್. ಮನೆಯವರಿಗೆ ತೋಟದ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಹಾಗಾಗಿ ಹೊರಟವರು ನಾನು, ಪಿಯುಸಿ ಓದುವ ಮಗಳು, ಮತ್ತೆ ನಮ್ಮತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ನೋವು, ಕೈಯಲ್ಲಿ ಕೋಲು. ಆದರೆ ಸಮುದ್ರಸ್ನಾನ ಮಾಡಿ ಮಹಾಬಲೇಶ್ವರನ ದರ್ಶನ ಮಾಡಬೇಕು ಅನ್ನೋ ಆಸೆ ಗಟ್ಟಿಯಾಗಿತ್ತು. ಶಿವರಾತ್ರಿ ಜಾತ್ರೆ ಮುಗಿದು ಊರಿನ ಗದ್ದಲ ಇಳಿಯಲಿ ಅಂತ ಕಾದು, ಆಮೇಲೆ ಹೊರಟೆವು. ರಥೋತ್ಸವ ನೋಡುವ ಆಸೆ ಇದ್ದವರು ಜಾತ್ರೆಗೇ ಹೋಗಿ, ಅದು ನೋಡಬೇಕಾದದ್ದೇ. ಕೋಲು ಹಿಡಿದವರನ್ನು ಮಾತ್ರ ಆ ನೂಕುನುಗ್ಗಲಿಗೆ ಕರೆದುಕೊಂಡು ಹೋಗಬೇಡಿ.

ಬಸ್ಸಿನ ವಿಷಯ ಮೊದಲು ಹೇಳುತ್ತೇನೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಸುಮಾರು 60 ಕಿಲೋಮೀಟರ್, ಕುಮಟಾದಿಂದ ಗೋಕರ್ಣಕ್ಕೆ ಮತ್ತೆ ಸುಮಾರು 30. ನಾವು ಕುಮಟಾದಲ್ಲಿ ಬಸ್ಸು ಬದಲಿಸಿದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಮೂವರೂ ಆಧಾರ್ ಕಾರ್ಡ್ ತೋರಿಸಿ ಕೂತೆವು, ಹೋಗಿ ಬರುವ ಬಸ್ಸಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಅತ್ತೆ ಮಗನ ಹತ್ತಿರ ದುಡ್ಡು ಕೇಳದೆ ಊರು ದಾಟಿ ಹೋಗುತ್ತಿದ್ದೇನೆ ಅಂತ ದಾರಿಯುದ್ದಕ್ಕೂ ಸಂತೋಷಪಟ್ಟರು. ಇದನ್ನು ಸಣ್ಣ ವಿಷಯ ಅಂತ ಯಾರೂ ತಿಳಿಯಬಾರದು. ನಮ್ಮ ಕಡೆ ಎಷ್ಟೋ ಹೆಂಗಸರು ಹತ್ತಿರದ ಕ್ಷೇತ್ರವನ್ನೂ ನೋಡದೆ ಉಳಿದಿದ್ದು ಕೈಯಲ್ಲಿ ಬಸ್ಚಾರ್ಜು ಇಲ್ಲದ್ದಕ್ಕೇ.

ಘಟ್ಟದ ರಸ್ತೆ ಬಗ್ಗೆ ಒಂದು ಮಾತು. ಶಿರಸಿ-ಕುಮಟಾ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ. ನಡುನಡುವೆ ಬಸ್ಸು ಬೇರೆ ದಾರಿಯಲ್ಲಿ ಬಿಡುವುದೂ ಇತ್ತು. ಹೊರಡುವ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿಕೊಳ್ಳಿ. ಮಳೆಗಾಲದಲ್ಲಂತೂ ವಯಸ್ಸಾದವರನ್ನು ಕಟ್ಟಿಕೊಂಡು ಈ ಪ್ರವಾಸವೇ ಬೇಡ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲೇ ಜನ ಸತ್ತಿದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಮಳೆಗಾಲದ ಸಮುದ್ರಕ್ಕೂ ಇಳಿಯುವ ಹಾಗಿಲ್ಲ.

ಇನ್ನು ಉಳಿದ ಮನೆ. ಗೋಕರ್ಣದಲ್ಲಿ ಪೂಜೆ, ಪಿತೃಕಾರ್ಯ ಮಾಡಿಸುವ ಭಟ್ಟರ ಮನೆಗಳು ತುಂಬಾ ಇವೆ. ಹೊರಗಿನಿಂದ ಬಂದವರಿಗೆ ಅವರ ಮನೆಯಲ್ಲೇ ಉಳಿಯಲು ಜಾಗ, ಊಟ ಕೊಡುವುದು ಹಳೇ ಪದ್ಧತಿ. ಈಗ ಎಷ್ಟೋ ಮನೆಯವರು ಹಿತ್ತಿಲ ಕಡೆ ಕೋಣೆ ಕಟ್ಟಿಸಿ ಬಾಡಿಗೆಗೂ ಕೊಡುತ್ತಾರೆ. ನಾವು ಇದ್ದದ್ದು ಕೋಟಿತೀರ್ಥದ ಹತ್ತಿರದ ಅಂಥದ್ದೇ ಒಂದು ಮನೆ. ಅವರು ಬೋರ್ಡು ಹಾಕಿಲ್ಲ, ಪರಿಚಯದವರು ಹೇಳಿ ಕಳಿಸಿದವರಿಗೆ ಮಾತ್ರ ಕೋಣೆ ಕೊಡುತ್ತಾರೆ. ಹಾಗಾಗಿ ಹೆಸರು ಬರೆಯುವುದಿಲ್ಲ. ಇಂಥ ಮನೆಗಳು ಆ ಬೀದಿಯಲ್ಲಿ ಬೇಕಾದಷ್ಟಿವೆ. ನಿಮ್ಮ ಮನೆತನದ ಪುರೋಹಿತರು ಗೋಕರ್ಣದಲ್ಲಿದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ರಥಬೀದಿಯ ಹೂಕಾಯಿ ಅಂಗಡಿಯವರನ್ನು ಕೇಳಿದರೂ ತೋರಿಸುತ್ತಾರೆ.

ನಾನು ಫೋನ್ ಮಾಡಿದಾಗ ಅತ್ತೆಯ ಕಾಲಿನ ವಿಷಯ ಹೇಳಿದ್ದೆ. ಬಾಗಿಲಲ್ಲೇ ಮನೆಯ ಯಜಮಾನರು, "ಮೊದ್ಲೇ ಹೇಳಿದ್ದು ಚೊಲೋ ಆತು, ಕೆಳಗಿನ ಕೋಣೆ ಇಟ್ಟಿದ್ದೇವೆ" ಅಂದರು. ಜಗಲಿಗೆ ಹತ್ತಲು ಎರಡು ಮೆಟ್ಟಿಲು ಇತ್ತು. ಪಕ್ಕದ ಕಂಬಕ್ಕೆ ಹಗ್ಗ ಬಿಗಿದು, ಹಿಡಿದು ಹತ್ತಲು ಅನುಕೂಲ ಮಾಡಿದ್ದರು. ಅವರ ತಾಯಿಗಾಗಿ ಮಾಡಿದ್ದಂತೆ. ಆ ಹಗ್ಗ ಕಂಡಾಗಲೇ ನನಗೆ ಅರ್ಧ ಸಮಾಧಾನ ಆಯಿತು. ವಯಸ್ಸಾದವರನ್ನು ಸಾಕುತ್ತಿರುವ ಮನೆಗೆ ಬೇರೆಯವರ ಮನೆಯ ವಯಸ್ಸಾದವರ ಕಷ್ಟ ತಾನಾಗಿಯೇ ತಿಳಿಯುತ್ತದೆ.

ಕೋಣೆ ದೊಡ್ಡದಲ್ಲ. ಎರಡು ಮಂಚ, ನೆಲಕ್ಕೆ ಒಂದು ಹಾಸಿಗೆ, ಒಂದು ಕಿಟಕಿ, ಒಂದು ಫ್ಯಾನು. ನೆಲ ಹಳೇ ಕೆಂಪು ಗಾರೆಯದು, ಬರಿಗಾಲಿಗೆ ತಂಪು. ಬಚ್ಚಲು ಕೋಣೆಗೆ ಸೇರಿಕೊಂಡೇ ಇದೆ, ಕಮೋಡ್ ಇದೆ, ಎದ್ದೇಳಲು ಗೋಡೆಗೆ ಸರಳು ಹಾಕಿಸಿದ್ದಾರೆ. ಯಾತ್ರಾಸ್ಥಳದ ಹಳೇ ಮನೆಗಳಲ್ಲಿ ಇದು ಸಿಗುವುದು ಕಷ್ಟ. ಬಿಸಿನೀರು ಮಾತ್ರ ಹಿತ್ತಿಲ ಬಚ್ಚಲೊಲೆಯ ಹಂಡೆಯಿಂದ ಬಕೆಟ್ಟಿನಲ್ಲಿ ತಂದುಕೊಡುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೇ ಒಲೆ ಹಚ್ಚಿದ್ದರು. ತೆಂಗಿನ ಸಿಪ್ಪೆ ಉರಿಯ ಹೊಗೆ ವಾಸನೆ ಬೆರೆತ ಆ ನೀರಿನಲ್ಲಿ ಮಿಂದು ಬಂದ ಅತ್ತೆ, ಕಾಲು ಅರ್ಧ ಹಗುರ ಆಯಿತು ಅಂದರು.

ಕುಂದು ಇಲ್ಲದೆ ಇಲ್ಲ. ಸೊಳ್ಳೆ ಜಾಸ್ತಿ. ಸೊಳ್ಳೆಪರದೆ ಒಂದೇ ಇತ್ತು, ಅದನ್ನು ಅತ್ತೆಗೆ ಕಟ್ಟಿದೆವು. ನಾನೂ ಮಗಳೂ ರಾತ್ರಿಯಿಡೀ ಫ್ಯಾನಿನ ಗಾಳಿ ನಂಬಿಕೊಂಡು ಮಲಗಿದೆವು. ಮಂಚದ ಹಾಸಿಗೆ ತೆಳ್ಳಗಿದೆ, ಬೆನ್ನುನೋವು ಇದ್ದವರು ಇನ್ನೊಂದು ಕೇಳಿ ಪಡೆಯಿರಿ. ಬಚ್ಚಲಿನ ದೀಪ ಮಂದ. ವಯಸ್ಸಾದವರು ರಾತ್ರಿ ಏಳುವ ಮನೆಯಲ್ಲಿ ಇನ್ನೂ ಬೆಳಕಿನ ಬಲ್ಬು ಹಾಕಬೇಕು, ಇದನ್ನು ಅವರಿಗೂ ಹೇಳಿ ಬಂದಿದ್ದೇನೆ. ರಾತ್ರಿ ಹತ್ತಕ್ಕೆ ಹೆಬ್ಬಾಗಿಲು ಹಾಕುತ್ತಾರೆ. ಮಾಂಸ, ಮದ್ಯ ಒಳಗೆ ಬರುವ ಹಾಗಿಲ್ಲ. ಬಾಡಿಗೆ ಸಾವಿರ ರೂಪಾಯಿಯ ಒಳಗೇ ಆಯಿತು. ಈ ದುಡ್ಡಿಗೆ ಇಷ್ಟು ಕಾಳಜಿ ಬೇರೆ ಕಡೆ ನನಗಂತೂ ಸಿಕ್ಕಿಲ್ಲ.

ಹಿಂದೆ ಒಮ್ಮೆ ನೆಂಟರು ಹಿಡಿದಿದ್ದ ಗುಡ್ಡದಾಚೆಯ ಕಾಟೇಜಿಗೆ ಹೋಗಿದ್ದೆವು. ಫೋಟೋದಲ್ಲಿ ಸಮುದ್ರಕ್ಕೆ ಅಂಟಿಕೊಂಡಂತೆ ಕಂಡಿತ್ತು. ಇಳಿಯಲು ಕಲ್ಲುಮೆಟ್ಟಿಲಿನ ಸಾಲೇ ಸಾಲು ಇದೆ ಅಂತ ಮೊದಲು ಅವರು ಹೇಳಲೇ ಇಲ್ಲ. ದೇವಸ್ಥಾನಕ್ಕೆ ಪ್ರತಿಸಲ ಆಟೋ. ಅತ್ತೆ ಆ ಎರಡು ದಿನ ಹೆಚ್ಚುಕಡಿಮೆ ಕೋಣೆಯಲ್ಲೇ ಕಳೆದರು. ಮೆಟ್ಟಿಲು ಎಷ್ಟು ಅನ್ನುವುದನ್ನು ಬುಕಿಂಗ್ ಮಾಡುವಾಗಲೇ ಹೇಳುವುದು ಇಂಥ ಜಾಗ ನಡೆಸುವ ಎಲ್ಲರ ಕರ್ತವ್ಯ. ಅದನ್ನು ಮುಚ್ಚಿಟ್ಟು ದುಡ್ಡು ತಗೊಳ್ಳುವುದು ಸರಿಯಲ್ಲ.

ಈ ಸಲ ಹಾಗಾಗಲಿಲ್ಲ. ಬಂದು ಚಹಾ ಕುಡಿದು, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದೇವಸ್ಥಾನದ ಪಕ್ಕದ ಓಣಿ ಹಿಡಿದು ನೇರ ಸಮುದ್ರಕ್ಕೆ ನಡೆದೆವು. ಓಂ ಬೀಚ್, ಕುಡ್ಲೆ ಬೀಚ್‌ಗೆ ಇರುವ ಹೆಸರು ಈ ಊರಿನ ದೊಡ್ಡ ಬೀಚಿಗೆ ಇಲ್ಲ. ಆದರೆ ಕಾಲುನೋವು ಇದ್ದವರಿಗೆ ಇದೇ ಸರಿ. ಓಣಿ ಮುಗಿದಲ್ಲಿ ಮರಳು ಶುರು, ಹತ್ತುವುದು ಇಳಿಯುವುದು ಏನೂ ಇಲ್ಲ. ಮನೆಯವರ ಮಗ ಮಡಚುವ ಕುರ್ಚಿಯೊಂದನ್ನು ನಾವು ಕೇಳುವ ಮೊದಲೇ ಹೊತ್ತು ತಂದಿದ್ದ. ಅತ್ತೆ ಅದರ ಮೇಲೆ ಕೂತು, "ಆನು ಇಲ್ಲೇ ಕೂತಿರ್ತಿ, ನಿಂಗ ಹೋಗ್ಬನ್ನಿ" ಅಂದರು. ನಾವಿಬ್ಬರೂ ನೀರಿನಂಚಿನಲ್ಲಿ ದೂರದ ತನಕ ನಡೆದು ಬಂದೆವು. ತಿರುಗಿ ನೋಡಿದರೆ ಅತ್ತೆ ಪಕ್ಕದ ಹಾವೇರಿ ಕಡೆಯ ಕುಟುಂಬದ ಜೊತೆ ಮಾತಿಗೆ ಕೂತಿದ್ದರು.

ಬೀಚಿನಲ್ಲಿ ಬೇಸರ ಬಂದದ್ದು ಎರಡು ವಿಷಯಕ್ಕೆ. ಹೂವು, ಹಳೇ ಬಟ್ಟೆ, ಪ್ಲಾಸ್ಟಿಕ್ ಎಲ್ಲವನ್ನೂ ಜನ ಮರಳಿನಲ್ಲೇ ಬಿಟ್ಟು ಹೋಗುತ್ತಾರೆ. ಇನ್ನೊಂದು, ಸಮುದ್ರಸ್ನಾನ ಮಾಡಿದ ಹೆಂಗಸರಿಗೆ ಬಟ್ಟೆ ಬದಲಿಸಲು ಜಾಗ ಸಾಲದು. ಒದ್ದೆ ಸೀರೆಯಲ್ಲಿ ಗಾಳಿಗೆ ನಡುಗುತ್ತಾ, ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿದು ನಿಂತವರನ್ನು ನೋಡಿದರೆ ಸಂಕಟವಾಗುತ್ತದೆ. ಕೋಣೆ ನಡೆಯುವಷ್ಟು ದೂರದಲ್ಲಿ ಇರಲಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ರಾತ್ರಿ ಊಟಕ್ಕೆ ಹೋದದ್ದು ಮನೆಯವರೇ ತೋರಿಸಿದ ಸಣ್ಣ ಖಾನಾವಳಿಗೆ. ನಾಲ್ಕೈದು ಮೇಜು ಅಷ್ಟೇ. ಬಾಳೆಎಲೆ ಮೇಲೆ ಅನ್ನ, ಮೊಗೆಕಾಯಿ ಹುಳಿ, ಹರಿವೆ ಪಲ್ಯ, ಒಂದೆಲಗದ ತಂಬುಳಿ, ಉಪ್ಪಿನಕಾಯಿ, ಮಜ್ಜಿಗೆ. ತಂಬುಳಿಗೆ ಒಂದೆಲಗವನ್ನು ಹಸಿಯಾಗಿಯೇ ರುಬ್ಬಿದ್ದರು. ಜೀರಿಗೆ, ಮೆಣಸಿನಕಾಳು ತುಪ್ಪದಲ್ಲಿ ಹುರಿದು ಹಾಕಿದ್ದರು. ಅದರ ಮಜ್ಜಿಗೆ ಹುಳಿಯಾಗಿರಲಿಲ್ಲ. ಹೋಟೆಲಿನ ತಂಬುಳಿ ಅಂದರೆ ನೀರು ಅನ್ನೋ ನನ್ನ ಅಭಿಪ್ರಾಯವನ್ನು ಈ ಖಾನಾವಳಿ ಬದಲಿಸಿತು. ಅತ್ತೆ ಎರಡು ಸಲ ಹಾಕಿಸಿಕೊಂಡು ಕುಡಿದರು. ಅನ್ನ ಮೃದುವಾಗಿ ಬೇಯಿಸಿದ್ದರು, ಹಲ್ಲಿಲ್ಲದವರಿಗೂ ಕಷ್ಟವಿಲ್ಲ. ಬಡಿಸುವ ಹುಡುಗ ಅವಸರ ಮಾಡಲಿಲ್ಲ. ಅಲ್ಲಿ ಸೆಖೆ ಮಾತ್ರ ಬಹಳ, ಒಂದೇ ಫ್ಯಾನು. ಮಧ್ಯಾಹ್ನ ಎರಡರ ಮೇಲೆ ಹೋದರೆ ಏನೂ ಉಳಿದಿರುವುದಿಲ್ಲ ಅಂತ ಅವರೇ ಹೇಳಿದರು.

ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದೆವು. ಗೋಕರ್ಣದ ಕ್ರಮ ಹೀಗೆ: ಮೊದಲು ಸಮುದ್ರ, ಆಮೇಲೆ ಕೋಟಿತೀರ್ಥ, ಆಮೇಲೆ ಗಣಪತಿ, ಕೊನೆಗೆ ಮಹಾಬಲೇಶ್ವರ. ನಸುಕಿನಲ್ಲಿ ದಂಡೆ ಹೆಚ್ಚುಕಡಿಮೆ ಖಾಲಿ. ಅತ್ತೆಯ ಎರಡೂ ಕೈ ಹಿಡಿದು ಮೊಣಕಾಲು ಮುಳುಗುವಷ್ಟು ನೀರಿಗೆ ಹೋದೆವು. ತಲೆ ಮೇಲೆ ಮಗಳು ತಂಬಿಗೆಯಲ್ಲಿ ನೀರು ಹೊಯ್ದಳು. ಅಷ್ಟು ಸಾಕು. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮೊಣಕಾಲಿಗೆ ಶಕ್ತಿ ಇಲ್ಲದವರು ಅಲ್ಲೇ ಕುಸಿಯುತ್ತಾರೆ. ಇಬ್ಬರು ಹಿಡಿದುಕೊಳ್ಳದೆ ಯಾವ ಅಜ್ಜ ಅಜ್ಜಿಯನ್ನೂ ಅಲ್ಲಿ ಇಳಿಸಬೇಡಿ. ಒದ್ದೆ ಬಟ್ಟೆಯಲ್ಲಿ ನೇರ ಮನೆಗೆ ಬಂದು, ಬಿಸಿನೀರು ಮಿಂದು, ಒಣ ಸೀರೆ ಉಟ್ಟು, ಒಂದೊಂದು ಲೋಟ ಕಷಾಯ ಕುಡಿದು ಮುಂದಕ್ಕೆ ಹೊರಟೆವು.

ಕೋಟಿತೀರ್ಥ ದೊಡ್ಡ ಕೆರೆ. ಸುತ್ತಲೂ ಕಲ್ಲಿನ ಮೆಟ್ಟಿಲು, ಅಂಚಿಗೆ ಹಳೇ ಮನೆಗಳು, ಸಣ್ಣ ಸಣ್ಣ ಗುಡಿಗಳು. ನೋಡಲು ತುಂಬಾ ಚಂದ. ನೀರು ಹಸಿರಾಗಿತ್ತು, ಮೆಟ್ಟಿಲಲ್ಲಿ ಪಾಚಿ ಇತ್ತು. ಅತ್ತೆಯನ್ನು ಮೇಲಿನ ಕಟ್ಟೆಯಲ್ಲೇ ಕೂರಿಸಿ, ನಾನೇ ಇಳಿದು ತಂಬಿಗೆಯಲ್ಲಿ ನೀರು ತಂದು ಪ್ರೋಕ್ಷಣೆ ಮಾಡಿದೆ.

ಮಹಾಗಣಪತಿ ಗುಡಿ ಚಿಕ್ಕದು. ಮೂರ್ತಿ ನಿಂತ ಭಂಗಿಯಲ್ಲಿದೆ, ಎರಡೇ ಕೈ. ರಾವಣ ಆತ್ಮಲಿಂಗ ಹಿಡಿದುಕೊಂಡು ಲಂಕೆಗೆ ಹೊರಟಾಗ ಸಂಧ್ಯಾವಂದನೆಗೆ ಅಂತ ಅದನ್ನು ಒಬ್ಬ ವಟುವಿನ ಕೈಗೆ ಕೊಟ್ಟ. ಆ ವಟು ಗಣಪತಿಯೇ. ಮೂರು ಸಲ ಕರೆದು, ರಾವಣ ಬರದಿದ್ದಾಗ ಕೆಳಗೆ ಇಟ್ಟುಬಿಟ್ಟ. ಸಿಟ್ಟಿನಲ್ಲಿ ರಾವಣ ತಲೆಗೆ ಗುದ್ದಿದ. ಆ ಗುದ್ದಿನ ಗುರುತು ಅಂತ ಗಣಪತಿಯ ತಲೆ ಮೇಲೆ ಒಂದು ತಗ್ಗು ಇದೆ. ಮಗಳಿಗೆ ಅತ್ತೆ ಅದನ್ನು ತೋರಿಸಿ ಕತೆ ಪೂರ್ತಿ ಹೇಳಿದರು. ರಾವಣ ಆ ಲಿಂಗವನ್ನು ಎಳೆದಾಗ ಕಿತ್ತು ಎಸೆದ ಚೂರುಗಳು ಬಿದ್ದ ಕಡೆಯೇ ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಶೇಜೇಶ್ವರ ಅಂತ ಬೆರಳು ಮಡಚಿ ಎಣಿಸಿದರು. ಅವಳು ಮೊಬೈಲ್ ತೆಗೆಯದೆ ಕೇಳಿದ್ದು ನನಗೆ ಖುಷಿ ಕೊಟ್ಟಿತು.

ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗುವ ಗಂಡಸರು ಪಂಚೆ ಉಟ್ಟು ಅಂಗಿ ತೆಗೆಯಬೇಕು. ಪ್ಯಾಂಟಿನಲ್ಲಿ ಬಂದವರು ಬಾಗಿಲಲ್ಲಿ ಪರದಾಡುತ್ತಿದ್ದರು. ಹೆಂಗಸರಿಗೆ ಸೀರೆ, ಚೂಡಿದಾರ ಆದೀತು. ಬೆಳಿಗ್ಗೆ ಬೇಗ ಹೋದರೆ ಸಾಲು ಚಿಕ್ಕದು. ಅದೇ ಹತ್ತು ಗಂಟೆಗೆ ನಾವು ಪೇಟೆ ಕಡೆ ಹೊರಟಾಗ ಸಾಲು ಹೊರಗೆ ಬೀದಿಗೇ ಬಂದಿತ್ತು. ಹೊಸ್ತಿಲುಗಳು ಎತ್ತರ, ನೆಲ ನೀರು ಬಿದ್ದು ಜಾರುತ್ತದೆ. ಅತ್ತೆಯ ಕೋಲನ್ನು ಒಳಗೆ ಒಯ್ಯದೆ ನಾವಿಬ್ಬರೇ ಕೈ ಕೊಟ್ಟೆವು. ಹಿಂದಿದ್ದವರು ತಡೆದು ದಾರಿ ಬಿಟ್ಟರು.

ಇಲ್ಲಿಯ ಲಿಂಗ ಕಣ್ಣಿಗೆ ಎದುರಾಗಿ ನಿಂತದ್ದಲ್ಲ. ಪೀಠದ ನಡುವೆ ಸಣ್ಣ ರಂಧ್ರ, ಅದರೊಳಗೆ ಆತ್ಮಲಿಂಗದ ತುದಿ. ಬೆರಳು ಇಳಿಸಿ ಮುಟ್ಟಿ ನಮಸ್ಕರಿಸುವುದು ಇಲ್ಲಿಯ ರೂಢಿ. ಅತ್ತೆ ಕಷ್ಟಪಟ್ಟು ಬಗ್ಗಿದರು. ಅರ್ಚಕರು ಅವರ ಮಣಿಕಟ್ಟು ಹಿಡಿದು ಬೆರಳನ್ನು ಸರಿಯಾದ ಕಡೆ ಇಳಿಸಿದರು. ಕೆಲಸ ಮಾಡಿ ಮಾಡಿ ಗಂಟು ಕಟ್ಟಿದ ಬೆರಳು ಅದು, ಉಗುರಿನ ಸಂದಿಯಲ್ಲಿ ಅಡಿಕೆಯ ಕಲೆ ಇನ್ನೂ ಇತ್ತು. ಒಂದು ಕ್ಷಣ ಹಾಗೇ ಇದ್ದರು. ಹೊರಗೆ ಬಂದ ಮೇಲೆ, "ತಣ್ಣಗೆ ಇದ್ದು" ಅಂತ ಅಷ್ಟೇ ಹೇಳಿದರು. ಇದಕ್ಕಾಗಿಯೇ ಬಂದದ್ದು ನಾವು. ಅರ್ಚಕರ ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ತಿಂಡಿಗೆ ರಥಬೀದಿ. ಬನ್ಸ್, ಭಾಜಿ, ಇನ್ನೊಂದು ಲೋಟ ಕಷಾಯ. ಬನ್ಸಿನಲ್ಲಿ ಬಾಳೆಹಣ್ಣು ಸರಿಯಾಗಿತ್ತು, ಎಣ್ಣೆ ಸ್ವಲ್ಪ ಜಾಸ್ತಿ. ಜಾತ್ರೆ ಮುಗಿದ ದೊಡ್ಡ ರಥ ಬೀದಿಯಲ್ಲೇ ನಿಂತಿತ್ತು, ಅದರ ಮರದ ಗಾಲಿಯ ಪಕ್ಕ ನಿಂತರೆ ನಾನು ಚಿಕ್ಕವಳಾಗಿ ಕಾಣುತ್ತಿದ್ದೆ.

ಪೇಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯಾವಾಗಲೂ ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಹೆಂಗಸರು. ಕೊರಳ ತುಂಬ ಸಾಲು ಸಾಲು ಕರಿಮಣಿ ಸರ, ಮುಂದೆ ಬುಟ್ಟಿಯಲ್ಲಿ ಬಸಳೆ, ಹರಿವೆ, ಬದನೆ, ಅಬ್ಬಲಿಗೆ ಹೂವು. ಒಬ್ಬ ಅಜ್ಜಿ ಹೂವು ಕಟ್ಟುವುದನ್ನು ಮಗಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದಳು. ಒದ್ದೆ ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ್ದರು. ಎಡಗೈಯಲ್ಲಿ ನಾಲ್ಕು ಹೂವು ಎದುರುಬದುರು ಇಟ್ಟು, ಬಲಗೈಯಿಂದ ನಾರು ಒಂದು ಸುತ್ತು ತಂದು ಕುಣಿಕೆ ಎಳೆಯುವುದು. ನಮ್ಮ ಜೊತೆ ಮಾತಾಡುತ್ತಲೇ ಮೊಳ ಮೊಳ ಕಟ್ಟಿದರು, ಒಮ್ಮೆಯೂ ಕೈ ನೋಡಲಿಲ್ಲ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಪಕ್ಕದ ಅಂಕೋಲಾದ ಹಾಲಕ್ಕಿ ಸಮುದಾಯದವರೇ. ಒಬ್ಬರು ಹಾಡಿಗೆ, ಒಬ್ಬರು ಗಿಡಕ್ಕೆ ಜೀವ ಸವೆಸಿದವರು. ಮಗಳ ಪಠ್ಯದಲ್ಲಿ ಓದಿದ ಹೆಸರಿಗಿಂತ ಈ ಬುಟ್ಟಿಯ ಮುಂದೆ ಕೂತದ್ದು ಅವಳಿಗೆ ಹೆಚ್ಚು ನೆನಪಿರುತ್ತದೆ. ಇಲ್ಲಿ ತರಕಾರಿ ಕೊಳ್ಳಿ, ದಯವಿಟ್ಟು ಚೌಕಾಸಿ ಮಾಡಬೇಡಿ. ಬೆಳಗಿನ ಜಾವ ಹಳ್ಳಿಯಿಂದ ಹೊತ್ತು ತಂದ ಸೊಪ್ಪು ಅದು.

ಮಗಳಿಗೆ ಓಂ ಬೀಚ್ ತೋರಿಸದೆ ಬರುವ ಹಾಗಿರಲಿಲ್ಲ. ಅತ್ತೆ ಮನೆಯ ಜಗಲಿಯಲ್ಲಿ ಯಜಮಾನರ ತಾಯಿಯ ಜೊತೆ ಉಳಿದರು. ನಾವಿಬ್ಬರೂ ಆಟೋದಲ್ಲಿ ಹೋಗಿ ಬಂದೆವು. ಮೀಟರ್ ಇಲ್ಲ, ಮಾತಾಡಿಕೊಂಡೇ ಹತ್ತಬೇಕು, ಕಾಯುವುದಕ್ಕೂ ಸೇರಿಸಿ ಮಾತಾಡಿ. ಮೇಲಿನಿಂದ ನೋಡಿದರೆ ಎರಡು ಅರ್ಧಚಂದ್ರ ಸೇರಿ ಓಂಕಾರದ ಆಕಾರ ನಿಜಕ್ಕೂ ಕಾಣುತ್ತದೆ. ಕೆಳಗೆ ಇಳಿಯಲು ಮೆಟ್ಟಿಲುಗಳಿವೆ, ವಯಸ್ಸಾದವರಿಗೆ ಬೇಡ. ನಡುವಿನ ಬಂಡೆ ಮೇಲೆ ಹತ್ತಿ ಫೋಟೋ ತೆಗೆಯುವ ಹುಡುಗರನ್ನು ಜೀವರಕ್ಷಕರು ಸೀಟಿ ಊದಿ ಇಳಿಸುತ್ತಿದ್ದರು. ಗೋಕರ್ಣದ ಸಮುದ್ರದಲ್ಲಿ ಓದುವ ಮಕ್ಕಳು ಮುಳುಗಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಶಾಲೆಯವಳಾಗಿ ಹೇಳುತ್ತೇನೆ, ಆ ಸೀಟಿಗೆ ಬೆಲೆ ಕೊಡಿ.

ಮಧ್ಯಾಹ್ನ ದೇವಸ್ಥಾನದ ಪ್ರಸಾದ ಭೋಜನವೂ ಇತ್ತು. ಸಾಲಿನಲ್ಲಿ ನಿಲ್ಲುವುದು ಅತ್ತೆಗೆ ಆಗದು ಅಂತ ಅದೇ ಖಾನಾವಳಿಗೆ ಬೇಗ ಹೋಗಿ ಉಂಡೆವು. ಆಮೇಲೆ ಕೋಣೆ ಬಿಟ್ಟು, ವಾಪಸು ಹೋಗಲು ಬೇರೆ ದಾರಿ ಹಿಡಿದೆವು. ಈ ದಾರಿಯನ್ನು ಶಿರಸಿಯವರಿಗೆ ನಾನು ಮನಸಾರೆ ಹೇಳುತ್ತೇನೆ: ತದಡಿಗೆ ಹೋಗಿ, ಬಾರ್ಜಿನಲ್ಲಿ ಅಘನಾಶಿನಿ ನದಿ ದಾಟಿ, ಆಚೆ ದಡದಿಂದ ಕುಮಟಾ ಸೇರುವುದು.

ತದಡಿಗೆ ಹೋಗುವ ಮೊದಲು ಆಟೋದವರಿಗೆ ಸಾಣಿಕಟ್ಟಾ ಬಳಸಿಕೊಂಡು ಹೋಗಲು ಹೇಳಿದೆವು. ಅಲ್ಲಿ ಉಪ್ಪಿನ ಆಗರಗಳಿವೆ. ಭರತದ, ಅಂದರೆ ಸಮುದ್ರ ಉಬ್ಬಿದಾಗ ಬರುವ ನೀರನ್ನು ಒಳಗೆ ಬಿಟ್ಟುಕೊಂಡು, ಮಣ್ಣಿನ ಕಟ್ಟೆ ಹಾಕಿದ ಚೌಕಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಆರಿಸುತ್ತಾರೆ. ನೀರು ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುತ್ತಾ ಗಟ್ಟಿಯಾಗುತ್ತದೆ, ಕೊನೆಯ ಚೌಕದಲ್ಲಿ ಹರಳು ಕಟ್ಟುತ್ತದೆ. ಕೆಲಸದವರು ಉದ್ದ ಹಿಡಿಯ ಹಲಗೆಯಿಂದ ಅದನ್ನು ಎಳೆದು ಕಟ್ಟೆ ಮೇಲೆ ರಾಶಿ ಹಾಕುತ್ತಿದ್ದರು. ಆ ಬಿಸಿಲಿನಲ್ಲಿ, ಉಪ್ಪುನೀರಿನಲ್ಲಿ ಬರಿಗಾಲು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಸೀಮೆ ಇದು. ಪಾಠ ಮಾಡುವಾಗ ನಾನು ಬರೀ ಇಸವಿ ಹೇಳುತ್ತಿದ್ದೆ, ಇನ್ನು ಮುಂದೆ ಈ ಚೌಕಗಳನ್ನೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ದಪ್ಪ ಹರಳುಪ್ಪು ಒಂದು ಚೀಲ ಕೊಂಡೆವು. ಹರಳು ಚೂರು ಮಾಸಲು ಬಣ್ಣ, ಅಂಗಡಿ ಪುಡಿಯಷ್ಟು ಬೆಳ್ಳಗಿಲ್ಲ. ಉಪ್ಪಿನಕಾಯಿಯ ಅಪ್ಪೆ ಮಾವಿನಮಿಡಿ ಉಪ್ಪಿಗೆ ಹಾಕಲು ಇದೇ ಆಗಬೇಕು ಅಂತ ಅತ್ತೆಯ ಹಟ. ಹರಳು ನಿಧಾನಕ್ಕೆ ಕರಗುತ್ತದೆ, ಮಿಡಿ ನಿಧಾನಕ್ಕೆ ನೀರು ಬಿಟ್ಟು ಸಮವಾಗಿ ಸುಕ್ಕಾಗುತ್ತದೆ ಅಂತ ಅವರ ಅನುಭವ. ಆಟೋದವರು, "ಅಕ್ಕಾ, ನಮ್ಮ ಮನೇಲೂ ಮೀನಿಗೆ, ಉಪ್ಪಿನಕಾಯಿಗೆ ಇದೇ" ಅಂದರು. ಬೆಲೆ ತೀರಾ ಕಡಿಮೆ. ಇಷ್ಟು ಕಷ್ಟದ ಕೆಲಸಕ್ಕೆ ಇಷ್ಟೇ ಬೆಲೆ ಅಂತ ನೋವಾಯಿತು.

ತದಡಿಯಲ್ಲಿ ಮೀನುದೋಣಿಗಳ ಸಾಲು, ಮೀನಿನ ವಾಸನೆ. ಅತ್ತೆ ಸೆರಗು ಮೂಗಿಗೆ ಹಿಡಿದರೂ ಕಣ್ಣು ಎಲ್ಲಾ ಕಡೆ ಆಡಿಸುತ್ತಲೇ ಇದ್ದರು. ಬಾರ್ಜಿನ ತಳ ಚಪ್ಪಟೆ. ಬೈಕುಗಳು ಹತ್ತುವ ಇಳಿಜಾರಿನಲ್ಲೇ ಅತ್ತೆಯೂ ಕೋಲೂರಿ ಹತ್ತಿದರು, ದೋಣಿಯ ಹಾಗೆ ಹಾರಿ ಇಳಿಯುವ ಕಷ್ಟ ಇಲ್ಲ. ಒಳಗೆ ನೆರಳು ಕಡಿಮೆ, ಛತ್ರಿ ಇಟ್ಟುಕೊಳ್ಳಿ.

ಅಘನಾಶಿನಿ ಹುಟ್ಟುವುದು ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅಲ್ಲಿಂದ ಹರಿದು, ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಎತ್ತರದಿಂದ ಧುಮುಕಿ, ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ಇಲ್ಲಿ ಸಮುದ್ರ ಸೇರುತ್ತದೆ. 2024ರಲ್ಲಿ ಈ ಅಳಿವೆ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ, ಸೇರಿತು. ಇಳಿತದ ಹೊತ್ತು ಆದ್ದರಿಂದ ದೂರದಲ್ಲಿ ಸೊಂಟದ ತನಕ ನೀರಲ್ಲಿ ನಿಂತು ಬೆಳಚು ಅನ್ನುವ ಚಿಪ್ಪುಮೀನು ಆರಿಸುವವರು ಕಾಣುತ್ತಿದ್ದರು. "ಇದು ನಮ್ಮೂರ ನೀರೇಯಾ" ಅಂತ ಅತ್ತೆ ಪಕ್ಕದ ಬೈಕಿನವನಿಗೂ ಹೇಳಿದರು. ಈ ನದಿಗೆ ಆಗಾಗ ಏನಾದರೂ ದೊಡ್ಡ ಯೋಜನೆಯ ಮಾತು ಬರುತ್ತಲೇ ಇರುತ್ತದೆ. ಮೇಲೆ ಅಡಿಕೆ ತೋಟದವರು, ಕೆಳಗೆ ಬೆಳಚು ಆರಿಸುವವರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುವವರು ಎಲ್ಲರೂ ಇದೇ ನೀರನ್ನು ನಂಬಿದ್ದಾರೆ. ಒಮ್ಮೆ ಬಾರ್ಜಿನಲ್ಲಿ ದಾಟಿ ನೋಡಿದರೆ ಅದು ಮನಸ್ಸಿಗೆ ಬರುತ್ತದೆ.

ಆಚೆ ದಡ ಅಘನಾಶಿನಿ ಊರು. ಅಲ್ಲಿಂದ ಕುಮಟಾಕ್ಕೆ ಬಸ್ಸು ಸಿಕ್ಕಿತು, ಕುಮಟಾದಿಂದ ಶಿರಸಿಗೆ ಸೀಟೂ ಸಿಕ್ಕಿತು. ಭಾನುವಾರ ಸಂಜೆ ಕುಮಟಾ ಸ್ಟ್ಯಾಂಡಿನಲ್ಲಿ ಜನ ಜಾಸ್ತಿ ಇರುತ್ತಾರೆ, ವಯಸ್ಸಾದವರಿದ್ದರೆ ಬೆಳಕಿರುವಾಗಲೇ ಅಲ್ಲಿಗೆ ಮುಟ್ಟಿ.

ಊರೊಳಗಿನ ಮನೆಗೆ ಫೋನ್ ಮಾಡುವಾಗ ಇಷ್ಟನ್ನು ಬಾಯಿಬಿಟ್ಟು ಕೇಳಿ: ಕೋಣೆಗೆ ಮೆಟ್ಟಿಲು ಎಷ್ಟು, ಕಮೋಡ್ ಇದೆಯಾ, ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯಾ, ಬೆಳಗಿನ ಜಾವ ಬಿಸಿನೀರು ಎಷ್ಟು ಹೊತ್ತಿಗೆ, ಸೊಳ್ಳೆಪರದೆ ಎಷ್ಟು. ಸೊಳ್ಳೆಪರದೆ ಕಡಿಮೆ ಅಂದರೆ ಮನೆಯಿಂದಲೇ ಒಯ್ಯಿರಿ. ಕುರ್ಚಿಯನ್ನೂ ಕೇಳಿ, ನಾಚಿಕೆ ಬೇಡ. ಕೇಳಿದರೆ ಕೊಡುವ ಜನ ಅವರು.